ರಿಮೋಟಿಗೆ ಬಗ್ಗದ ಎರೆಮಣ್ಣು

ಪುಣೆಯಲ್ಲಿ ಮನೆಯವರಿಗಿಂತ ಮೊದಲು ಮಾತಾಡುವುದು ಅವರ ಗೇಟು. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ ಎಂದು ಎಲ್ಲ ಊರಿನಲ್ಲೂ ಬರೆಯುತ್ತಾರೆ, ಇಲ್ಲಿ ಅಷ್ಟಕ್ಕೇ ಬಿಡುವುದಿಲ್ಲ. ನಿಲ್ಲಿಸಿದರೆ ಟೈರಿನ ಗಾಳಿ ಬಿಡಲಾಗುವುದು, ಆಮೇಲೆ ಪಂಪು ಕೇಳಿಕೊಂಡು ಒಳಗೆ ಬರಬಾರದು ಎನ್ನುವವರೆಗೂ ಬೋರ್ಡು ಮುಂದುವರಿಯುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಂಟೆ ಬಾರಿಸಬೇಡಿ ಎನ್ನುವುದಂತೂ ಈ ಊರಿನ ಸಂವಿಧಾನದ ಮೊದಲ ವಿಧಿ. ಇಂಥ ಬರಹಗಳಿಗೆ ‘ಪುಣೇರಿ ಪಾಟ್ಯಾ’ ಎಂದು ಹೆಸರೇ ಬಿದ್ದಿದೆ. ಧಾರವಾಡದ ಕಡೆಯಿಂದ ಬಂದ ನನ್ನಂಥವರಿಗೆ ಮೊದಮೊದಲು ಸಿಟ್ಟು ಬರುತ್ತದೆ, ಆಮೇಲೆ ರೂಢಿಯಾಗುತ್ತದೆ, ಕೊನೆಗೆ ನಾವೇ ಒಂದನ್ನು ಬರೆಸಿ ತೂಗುಹಾಕುತ್ತೇವೆ.

ಈಚೆಗೆ ಈ ಪಾಟ್ಯಾಗಳಲ್ಲಿ ಹೊಸದೊಂದು ಜಾತಿ ಹುಟ್ಟಿದೆ. ‘ಈ ಗೇಟು ಆಟೋಮ್ಯಾಟಿಕ್, ಕೈಯಿಂದ ತಳ್ಳಬಾರದು’ ಎಂಬ ಚೆಂದದ ಫಲಕ ಜನವರಿಯಿಂದ ಮೇವರೆಗೆ. ಜೂನ್ ಮುಗಿಯುವ ಹೊತ್ತಿಗೆ ಅದರ ಮೇಲೆಯೇ ಒಂದು ಬಿಳಿ ಹಾಳೆ, ಸೆಲ್ಲೋಟೇಪು: ‘ಗೇಟು ಕೆಟ್ಟಿದೆ, ಕೈಯಿಂದ ತಳ್ಳಬೇಕು.’ ನಮ್ಮ ಸೊಸೈಟಿಯ ಗೇಟಿನ ಮೇಲೆ ಎರಡೂ ಒಟ್ಟಿಗೇ ಇವೆ. ಕೊರಿಯರ್ ಹುಡುಗರು ಎರಡನ್ನೂ ಓದಿ ಹೊರಗೇ ನಿಂತು ಫೋನ್ ಮಾಡುತ್ತಾರೆ.

ನಾವಿರುವುದು ಮಾಂಜರಿಯ ಕಡೆ. ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಇರುವುದು ಇಲ್ಲೇ ಎಂದರೆ ನೆಲ ಎಂಥದೆಂದು ತಿಳಿದವರಿಗೆ ಬೇರೆ ಹೇಳಬೇಕಾಗಿಲ್ಲ. ಕಬ್ಬು ಬೆಳೆದ ಹೊಲ ಪ್ಲಾಟುಗಳಾಗಿ, ಪ್ಲಾಟುಗಳು ಸಾಲುಮನೆಗಳಾಗಿ, ಸಾಲುಮನೆಗಳಿಗೆ ಹದಿನಾರು ಅಡಿಯ ಜಾರುವ ಗೇಟು ಬಂದಿದೆ. ಮೇಲೆ ಎಲ್ಲ ಬದಲಾಯಿತು, ಕೆಳಗಿನದು ಅದೇ ಎರೆ.

ಗೇಟಿನ ಕೆಲಸ ನೋಡಲು ಬಲು ಸರಳ. ಡ್ರೈವ್‌ವೇಗೆ ಅಡ್ಡಲಾಗಿ ಕಾಂಕ್ರೀಟಿನ ಪಟ್ಟಿ, ಅದರಲ್ಲಿ ಹೂತ ಹಳಿ, ಹಳಿಯ ಮೇಲೆ ಗಾಲಿ. ಗೇಟಿನ ಪಕ್ಕೆಗೆ ಉದ್ದಕ್ಕೂ ಹಲ್ಲಿನ ಪಟ್ಟಿ, ಆ ಹಲ್ಲಿಗೆ ಹಲ್ಲು ಕೊಟ್ಟು ತಿರುಗುವ ಮೋಟಾರಿನ ಪುಟ್ಟ ಚಕ್ರ. ಹಲ್ಲು ಹಲ್ಲುಗಳ ನಡುವೆ ಒಂದೆರಡು ಮಿಲಿಮೀಟರ್ ಸಂದು ಇರಬೇಕು. ಕಡಿಮೆಯಾದರೆ ಗೇಟಿನ ಭಾರವೆಲ್ಲ ಮೋಟಾರಿನ ಕತ್ತಿನ ಮೇಲೆ, ಹೆಚ್ಚಾದರೆ ಹಲ್ಲು ತಪ್ಪಿ ಕಟಕಟ ಸದ್ದು. ಇಡೀ ಯಂತ್ರದ ಮಾನ ಆ ಒಂದೆರಡು ಮಿಲಿಮೀಟರಿನಲ್ಲಿದೆ. ಹಳಿ ನಿಂತಿರುವ ಕಾಂಕ್ರೀಟು ಬೇರೆ, ಮೋಟಾರು ಕೂತಿರುವ ಕಾಂಕ್ರೀಟು ಬೇರೆ, ಕೆಳಗಿನ ಮಣ್ಣು ಮಾತ್ರ ಎರಡನ್ನೂ ಕೇಳದೆ ಏಳುತ್ತ ಇಳಿಯುತ್ತ ಇರುತ್ತದೆ. ಈ ಮಿಲಿಮೀಟರನ್ನು ಕಾಯುವವರು ಯಾರು?

ಜುಲೈಯಲ್ಲಿ ನಮ್ಮ ಗೇಟು ನಡೆದುಕೊಳ್ಳುವ ರೀತಿ ನೋಡಬೇಕು. ರಿಮೋಟು ಒತ್ತಿದರೆ ಗಂಭೀರವಾಗಿ ಹೊರಡುತ್ತದೆ. ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಏನೋ ಯೋಚಿಸಿ ಹಿಂದಕ್ಕೆ ಹೋಗುತ್ತದೆ. ಅದರ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಮೋಟಾರು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಒಳಗಿನ ಬೋರ್ಡು ಲೆಕ್ಕ ಇಡುತ್ತದೆ. ದಿಢೀರನೆ ಹೆಚ್ಚು ಎಳೆದರೆ ದಾರಿಯಲ್ಲಿ ಮಗುವೋ ಕಾರಿನ ಬಾನೆಟ್ಟೋ ಸಿಕ್ಕಿಕೊಂಡಿದೆ ಎಂದುಕೊಂಡು ಹಿಂದೆ ಸರಿಯುತ್ತದೆ. ಮಣ್ಣು ಉಬ್ಬಿ ಹಳಿ ಒಂದು ಬೆರಳು ಮೇಲೆದ್ದರೂ ಆ ಬೋರ್ಡಿಗೆ ಅದು ಮಗುವೇ. ಮಳೆಗಾಲದುದ್ದಕ್ಕೂ ನಮ್ಮ ಗೇಟು ಇಲ್ಲದ ಮಗುವನ್ನು ಉಳಿಸುತ್ತ ಇರುತ್ತದೆ, ನಾವು ಹಾರ್ನು ಹೊಡೆಯುತ್ತ ಇರುತ್ತೇವೆ.

ಕಂಪನಿಯ ಹುಡುಗ ಬಂದರೆ ಹಳಿಯ ಕಡೆ ಕಣ್ಣೂ ಹಾಯಿಸುವುದಿಲ್ಲ. ಪೆಟ್ಟಿಗೆ ತೆಗೆದು ಸಣ್ಣ ಸ್ಕ್ರೂಡ್ರೈವರಿನಿಂದ ಬಲದ ತಿರುಪನ್ನು ಏರಿಸಿ ‘ಝಾಲಂ’ (ಆಯಿತು) ಎಂದು ಹೊರಟುಬಿಡುತ್ತಾನೆ. ಗೇಟು ನಡೆಯುತ್ತದೆ, ನಿಜ. ಆದರೆ ಈಗ ಅದು ನಿಜವಾದ ಮಗು ಅಡ್ಡ ಬಂದರೂ ಬೇಗ ನಿಲ್ಲುವುದಿಲ್ಲ. ಜ್ವರ ಬಂತೆಂದು ಥರ್ಮಾಮೀಟರನ್ನೇ ತಿದ್ದುವ ಈ ವೈದ್ಯ ನನಗೆ ಒಪ್ಪಿಗೆಯಿಲ್ಲ. ಕಾರಣ ಕೇಳಿದರೆ ಅವನ ಹತ್ತಿರ ಒಂದೇ ಉತ್ತರ: ‘ಹವಾಮಾನ, ಸರ್. ಬೇಸಿಗೆಯಲ್ಲಿ ಕಬ್ಬಿಣ ಹಿಗ್ಗುತ್ತದೆ.’ ಶಾಲೆಯ ಪುಸ್ತಕದಲ್ಲಿರುವ ಲೆಕ್ಕವನ್ನೇ ಮಾಡಿ ನೋಡಬಹುದು. ಐದು ಮೀಟರ್ ಉದ್ದದ ಉಕ್ಕು ಮೂವತ್ತು ಡಿಗ್ರಿ ಹೆಚ್ಚು ಕಾದರೆ ಬೆಳೆಯುವುದು ಎರಡು ಮಿಲಿಮೀಟರಿಗಿಂತ ಕಡಿಮೆ, ಅದೂ ಉದ್ದಕ್ಕೆ. ಬಿಸಿಲು ಪಾಪ, ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಿದೆ.

ತಪ್ಪಿತಸ್ಥನನ್ನು ಹಿಡಿದುಕೊಟ್ಟವನು ಇಂಡಿ ತಾಲೂಕಿನ ಒಬ್ಬ ಗೌಂಡಿ. ಪುಣೆಯಲ್ಲಿ ಎಲ್ಲಿ ಕಟ್ಟಡ ಏಳುತ್ತಿದ್ದರೂ ಅಲ್ಲಿ ವಿಜಯಪುರ, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಪಕ್ಕದ ಸೈಟಿಗೆ ಬಂದಿದ್ದವನು ನಾನು ವಾಚ್‌ಮನ್ ಕಾಕಾನ ಜೊತೆ ಗೇಟು ತಳ್ಳುವುದನ್ನು ನೋಡಿ ಹತ್ತಿರ ಬಂದ. ಮೋಟಾರನ್ನು ಮುಟ್ಟಲಿಲ್ಲ. ಹೂದೋಟದ ಅಂಚಿನಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಹಿಚುಕಿದ.

“ಅಲ್ರೀ ಸಾಹೇಬ್ರ, ಇದು ನಮ್ಮೂರ ಎರೀನ ಐತಲ್ರಿ! ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಿರಿತೈತಿ. ಗೇಟರ ಏನ್ ಮಾಡೀತ್ರಿ ಪಾಪ.”

“ಹಂಗಾರ ಆ ಮೂಲಿ ಕಡೆ ಅಷ್ಟ ಯಾಕ ಎದ್ದೈತಿ?”

“ಅಲ್ಲಿ ನೀವು ಹುಲ್ಲಿಗೆ ದಿನಾ ನೀರು ಬಿಡ್ತೀರಲ್ರಿ. ಈ ಕಡೆ ಫರಸಿ ಹಾಕೀರಿ. ಅತ್ತಾಗ ಕುಡದೈತಿ, ಇತ್ತಾಗ ಉಪವಾಸ ಐತಿ.”

ಇದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರ್ ಹೇಳಿಯಾನು! ದಖ್ಖನ್ನಿನ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ್ದು. ಆ ಕಲ್ಲು ಅರ್ಧ ಕರಗಿದರೆ ಮುರುಮು, ಪೂರ್ತಿ ಕರಗಿದರೆ ಎರೆ. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಇದೆ. ಅದರ ಹಾಳೆಗಳ ನಡುವೆ ನೀರು ನುಗ್ಗಿದರೆ ನೆನೆಹಾಕಿದ ಸಾಬೂದಾಣಿಯ ಹಾಗೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇಡೀ ನೆಲ ಒಂದೇ ಸಮ ಉಬ್ಬಿ ಇಳಿದರೆ ಗೇಟಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಹುಲ್ಲಿನ ಕಡೆ ನೀರು, ಫರಸಿಯ ಕಡೆ ಇಲ್ಲ. ಮೂಲೆಯ ಬೇವಿನ ಮರ ತನ್ನ ಬೇರಿನ ಸುತ್ತ ಇದ್ದುದನ್ನೆಲ್ಲ ಹೀರಿಕೊಂಡು ಅಲ್ಲಿಯ ನೆಲವನ್ನು ಕುಗ್ಗಿಸುತ್ತದೆ. ಒಂದು ಕಂಬ ಏಳುತ್ತದೆ, ಇನ್ನೊಂದು ವಾಲುತ್ತದೆ. ನಡುವೆ ಹಳಿ ಹಾವಾಡುತ್ತದೆ.

ನಮ್ಮ ಹಿಂದಿನವರು ಈ ವಿಷಯದಲ್ಲಿ ಜಾಣರು. ಜಂಗಲಿ ಮಹಾರಾಜ ರಸ್ತೆಯ ಗದ್ದಲದ ನಡುವೆ ಪಾತಾಳೇಶ್ವರ ಗುಹಾಲಯವಿದೆ. ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಮಣ್ಣಿನ ತಂಟೆಯೇ ಬೇಡವೆಂದು ಅವರು ನೇರ ಬಂಡೆಯನ್ನೇ ಕೊರೆದು ಒಳಗೆ ಹೋದರು. ಆ ಬಾಗಿಲು ಈವರೆಗೆ ಒಂದು ಕೂದಲಿನಷ್ಟೂ ಸರಿದಿಲ್ಲ. (ಕನ್ನಡಿಗರು ಪುಣೆಗೆ ಬಂದು ಕಟ್ಟಿದ್ದು ಉಡುಪಿ ಹೋಟೆಲುಗಳನ್ನು ಮಾತ್ರ ಎನ್ನುವವರಿಗೆ ಇದನ್ನು ತೋರಿಸಬೇಕು.) ಸಾವಿರ ವರ್ಷ ಈಚೆಗೆ ಬಂದರೆ ಶನಿವಾರವಾಡೆ. 1730ರಲ್ಲಿ ಒಂದನೆಯ ಬಾಜೀರಾಯ ಕಟ್ಟಲು ಶುರುಮಾಡಿಸಿದ ಈ ವಾಡೆಯ ದಿಲ್ಲಿ ದರವಾಜಕ್ಕೆ ಅಡಿಯುದ್ದದ ಮೊಳೆಗಳು, ಶತ್ರುವಿನ ಆನೆ ಹಣೆ ಕೊಟ್ಟು ನೂಕದಿರಲಿ ಎಂದು. ಅಷ್ಟು ದೊಡ್ಡ ಬಾಗಿಲನ್ನು ಮನುಷ್ಯರು ಕೈಯಿಂದಲೇ ತೆರೆದು ಮುಚ್ಚುತ್ತಿದ್ದರು.

ನಮ್ಮ ಕಡೆಯ ಅಗಸಿ ಬಾಗಿಲುಗಳನ್ನು ನೆನೆಯಿರಿ. ಬಾಗಿಲಿನ ಮೇಲೊಂದು ಕೆಳಗೊಂದು ಮರದ ಗೂಟ, ಆ ಗೂಟ ಕೂರುವುದಕ್ಕೆ ಕಲ್ಲಿನಲ್ಲಿ ಕುಳಿ. ಕುಳಿಯಲ್ಲಿ ಎರಡು ಬೆರಳು ಆಡುವಷ್ಟು ಸಡಿಲ. ಮಳೆಗಾಲದಲ್ಲಿ ಮರವೂ ಉಬ್ಬಲಿ, ನೆಲವೂ ಉಬ್ಬಲಿ, ಭುಜ ಕೊಟ್ಟು ಒಂಚೂರು ಎತ್ತಿ ನೂಕಿದರೆ ಗೊರ್ ಎಂದು ಗೊಣಗುತ್ತ ತೆರೆದುಕೊಳ್ಳುತ್ತಿತ್ತು. ಎಲ್ಲಿ ಎತ್ತಬೇಕು, ಎಷ್ಟು ನೂಕಬೇಕು ಎಂಬುದು ಮನೆಯವರ ಭುಜಕ್ಕೆ ಗೊತ್ತಿತ್ತು. ಈಗ ಆ ಸಡಿಲವನ್ನೆಲ್ಲ ತೆಗೆದು, ಒಂದೆರಡು ಮಿಲಿಮೀಟರಿಗೆ ಇಳಿಸಿ, ಅದನ್ನು ಎರೆಯ ಮೇಲೆ ಕೂರಿಸಿದ್ದೇವೆ. ಕೆಟ್ಟಾಗ ಯಂತ್ರವನ್ನು ಬೈಯುತ್ತೇವೆ.

ಎರೆಗೂ ಕಬ್ಬಿಣಕ್ಕೂ ಮನಸ್ತಾಪ ಇಂದಿನದೇನಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ 1903ರ ಸುಮಾರಿಗೆ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂದು ರೈತರು ಕೊಳ್ಳಲು ಹಿಂಜರಿದರಂತೆ. ಮಣ್ಣಿಗೆ ಏನಾದೀತೋ ಎಂದು ಆಗ ಹೆದರಿಕೆ. ಕಬ್ಬಿಣಕ್ಕೆ ಏನಾದೀತೋ ಎಂದು ಈಗ ನಮ್ಮ ಸೊಸೈಟಿಯ ಹೆದರಿಕೆ. ಇನ್ನು ತಾನಾಗಿ ತೆರೆಯುವ ಬಾಗಿಲೂ ಹೊಸ ಕನಸಲ್ಲ. ಅಲೆಕ್ಸಾಂಡ್ರಿಯಾದ ಹೀರೋ ಎಂಬವನು ಒಂದನೆಯ ಶತಮಾನದಲ್ಲೇ ಬಲಿಪೀಠದ ಮೇಲೆ ಬೆಂಕಿ ಹೊತ್ತಿಸಿದರೆ ಗುಡಿಯ ಬಾಗಿಲು ತೆರೆದುಕೊಳ್ಳುವ ಉಪಾಯ ಬರೆದಿಟ್ಟ. ಕಾದ ಗಾಳಿ ನೀರನ್ನು ನೂಕುತ್ತದೆ, ನೀರು ತುಂಬಿದ ಪಾತ್ರೆ ಭಾರವಾಗಿ ಹಗ್ಗ ಎಳೆಯುತ್ತದೆ, ಹಗ್ಗ ಬಾಗಿಲನ್ನು ತಿರುಗಿಸುತ್ತದೆ. ಮಾಂಜರಿಯಲ್ಲಿ ಕೂರಿಸಬೇಕಾಗಿ ಬಂದಿದ್ದರೆ ಅವನಿಗೂ ಒಬ್ಬ ಇಂಡಿಯ ಗೌಂಡಿ ಬೇಕಾಗುತ್ತಿದ್ದ.

ಗೌಂಡಿಯ ಮದ್ದು ಕೇಳಿ. “ಎರಿ ತಗದ ಒಗೀರಿ. ಗಜ ಆಳಕ್ಕ ಅಗದು ಮುರುಮ ತುಂಬಿ ಧುಮ್ಮಸ್ಸ ಹೊಡೀರಿ. ಅದರ ಮ್ಯಾಲ ಕಾಂಕ್ರೀಟ ಹಾಕ್ರಿ. ಹಳಿಗೂ ಮೋಟರಿಗೂ ಒಂದ ಬುನಾದಿ ಇರಲಿ. ಎದ್ದರ ಎರಡೂ ಕೂಡೇ ಏಳತಾವ, ಇಳದರ ಕೂಡೇ ಇಳೀತಾವ.” ಇದನ್ನು ಕೇಳಿ ನನಗೆ ನೆನಪಾದದ್ದು ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿಯವರು. ಮಲಪ್ರಭಾ ಯೋಜನೆಯ ಕಾಲುವೆಗಳು ಎರೆನೆಲದ ಮೇಲೆ ಹಾದುಹೋಗುವಾಗ ಒಳಹೊದಿಕೆ ಬಿರಿಯುತ್ತಿತ್ತು. ಉಬ್ಬದ, ಆದರೆ ಒಂದಕ್ಕೊಂದು ಹಿಡಿದುಕೊಳ್ಳುವ ಮಣ್ಣನ್ನು ಎರೆಯ ಮೇಲೆ ಸುಮಾರು ಒಂದು ಮೀಟರ್ ದಪ್ಪಕ್ಕೆ ಹಾಸಿದರೆ ಕೆಳಗಿನ ಉಬ್ಬರ ತಡೆಯುತ್ತದೆ ಎಂದು ಅವರು 1970ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದರು. ಮಲಪ್ರಭೆಯ ನೀರು ಕುಡಿದ ಹೊಲಗಳ ಆ ವಿದ್ಯೆ ಮತ್ತು ಇಂಡಿಯ ಗೌಂಡಿಯ ಗಜ ಅಳತೆ ಹೆಚ್ಚುಕಡಿಮೆ ಒಂದೇ ಆಳಕ್ಕೆ ಬಂದು ನಿಂತವು. ಕಂಬಗಳಿಗೆ ಇನ್ನೊಂದು ದಾರಿಯೂ ಇದೆ. ಮಳೆ ಬಿಸಿಲು ಮುಟ್ಟದಷ್ಟು ಆಳಕ್ಕೆ, ಅಂದರೆ ಮೂರು ಮೂರೂವರೆ ಮೀಟರು ಕೊರೆದು, ತಳದಲ್ಲಿ ಉಂಡೆಯಂತೆ ಅಗಲವಾಗುವ ಪೈಲು ಹಾಕುವುದು. ನೆಲ ಮೇಲೆ ಎಷ್ಟೇ ಕುಣಿದರೂ ತಳದ ಉಂಡೆ ಕಂಬವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕೆಲಸ ಎಂದಿಗೆ ಶುರು ಎಂದರೆ ಅದಕ್ಕೂ ಅವನ ಹತ್ತಿರ ಪಂಚಾಂಗವಿತ್ತು. “ಸ್ವಾತಿ ಮಳಿ ಹೋಗ್ಲಿರಿ.” ಈಗ, ನೆಲ ಪೂರ್ತಿ ಉಬ್ಬಿರುವಾಗ ಕಟ್ಟಿದರೆ ಬೇಸಿಗೆಗೆ ಕುಸಿಯುತ್ತದೆ. ಏಪ್ರಿಲಿನಲ್ಲಿ ಬಿರಿದಾಗ ಕಟ್ಟಿದರೆ ಮಿರಗ ಮಳೆಗೆ ಎದ್ದು ನಿಲ್ಲುತ್ತದೆ. ನಡುವಿನ ಹದ ಸಿಗುವುದು ದೀಪಾವಳಿಯ ಆಸುಪಾಸಿನಲ್ಲಿ.

ಅಲ್ಲಿಯವರೆಗೆ ಗೇಟಿನ ಉಳಿದ ಕಾಯಿಲೆಗಳೊಂದಿಗೆ ಕಾಲ ತಳ್ಳಬೇಕು. ಪೆಟ್ಟಿಗೆಯ ಬೆಚ್ಚನೆಗೆ ಹಲ್ಲಿ ಸೇರಿಕೊಂಡು ಬೋರ್ಡಿನ ಮೇಲೆ ಅಡ್ಡ ಮಲಗಿ, ತಾನೂ ಸತ್ತು ಸರ್ಕಿಟನ್ನೂ ಸುಡುತ್ತದೆ. ರಿಲೇಯೊಳಗೆ ಇರುವೆ. ಫೋಟೋಸೆಲ್ಲಿನ ಕಣ್ಣಿಗೆ ಜೇಡರ ಬಲೆ. ಮಳೆ ಬಿಟ್ಟ ಸಂಜೆಗಳಲ್ಲಿ ಇಳಿಬಿಸಿಲು ನೇರ ಆ ಕಣ್ಣಿಗೇ ಹೊಡೆದರೆ ಗೇಟು ಮುಚ್ಚಲೊಲ್ಲದು. ಒಂದು ಸಣ್ಣ ತಗಡಿನ ಕೊಡೆ ಕಟ್ಟಿದ ಮೇಲೆ ಸರಿಹೋಯಿತು. ಗುರುವಾರ ಕರೆಂಟಿನವರ ರಿಪೇರಿಯ ವಾರ, ಅಂದು ಗೇಟಿಗೂ ರಜೆ. ಮಳೆ ಎಂದು ಬರುತ್ತದೆಂದು ಮೊದಲೇ ತಿಳಿದರೆ ಗ್ರೀಸಾದರೂ ಹಚ್ಚಿಡಬಹುದು. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಈ ಊರಿಗೇ ಬಂದದ್ದು, ಶಿವಾಜಿನಗರದ ಆ ಚೌಕವನ್ನು ಜನ ಇವತ್ತಿಗೂ ಸಿಮ್ಲಾ ಆಫೀಸು ಎನ್ನುತ್ತಾರೆ. ಆದರೆ ಕಾತ್ರಜ್‌ನಲ್ಲಿ ಸುರಿಯುವಾಗ ಮಾಂಜರಿಯಲ್ಲಿ ಬಟ್ಟೆ ಒಣಗುತ್ತಿರುವ ಊರಿಗೆ ಯಾವ ಇಲಾಖೆ ತಾನೇ ಏನು ಹೇಳೀತು?

ಕಳೆದ ಸಭೆಯಲ್ಲಿ ವಿಷಯ ಚರ್ಚೆಗೆ ಬಂತು. ವಾರ್ಷಿಕ ನಿರ್ವಹಣೆಯ ಕರಾರನ್ನು ಕನ್ನಡಕ ಏರಿಸಿ ಓದಿದ ಪಕ್ಕದ ಮನೆಯ ಕಾಕಾ, ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವರು, ಸಣ್ಣಕ್ಷರದ ಸಾಲೊಂದನ್ನು ಪತ್ತೆಮಾಡಿದರು: ನೆಲ ಸರಿದು ಆದ ಹಾನಿಗೆ ಕಂಪನಿ ಹೊಣೆಯಲ್ಲ. ಹಲ್ಲಿ, ಇರುವೆಗಳಿಗೂ ಅಲ್ಲ. “ಹಾಗಾದರೆ ಇವರು ಹೊಣೆ ಹೊತ್ತಿರುವುದು ಯಾವುದಕ್ಕೆ? ಗೇಟು ಸರಿಯಾಗಿ ನಡೆಯುವುದಕ್ಕೆ ಮಾತ್ರವೇ?” ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮುರುಮು ತುಂಬಿಸುವ ಖರ್ಚು ಗೇಟಿನ ಲೆಕ್ಕಕ್ಕೋ ರಸ್ತೆಯ ಲೆಕ್ಕಕ್ಕೋ ಎಂಬಲ್ಲಿ ಸಭೆ ಎರಡು ಪಕ್ಷವಾಯಿತು. ಹುಲ್ಲಿಗೆ ನೀರು ನಿಲ್ಲಿಸಬೇಕೆಂದು ನಾನು ಹೇಳಿದಾಗ ಎರಡೂ ಪಕ್ಷಗಳು ಒಂದಾಗಿ ನನ್ನ ಮೇಲೆ ಬಿದ್ದವು.

ಕೊನೆಗೆ ಒಪ್ಪಿದ್ದು ಇಷ್ಟು. ಸ್ವಾತಿ ಮುಗಿದ ಮೇಲೆ ಗೌಂಡಿಯನ್ನು ಕರೆಸುವುದು. ಹಲ್ಲಿನ ಪಟ್ಟಿಯ ಕೊಂಡಿಗಳಿಗೆ ಈಗಲೇ ಉದ್ದ ತೂತು ಹೊಡೆಸಿ, ಮಳೆಗೊಮ್ಮೆ ಬೇಸಿಗೆಗೊಮ್ಮೆ ಏರಿಸಿ ಇಳಿಸಿ ಸಂದು ಸರಿಮಾಡಿಕೊಳ್ಳುವುದು. ಬಲದ ತಿರುಪನ್ನು ಮೊದಲಿದ್ದಲ್ಲಿಗೆ ಇಳಿಸುವುದು. ಮೋಟಾರಿನ ಕೊಂಡಿ ಬಿಚ್ಚಿ ಗೇಟನ್ನು ಕೈಗೆ ಬಿಡುವ ಕೀಲಿ ವಾಚ್‌ಮನ್ ಕಾಕಾನ ಕಿಸೆಯಲ್ಲಿರತಕ್ಕದ್ದು, ಅವನು ಚಹಾಕ್ಕೆ ಹೋದರೆ ಚಹಾದಂಗಡಿಯ ಫೋನ್ ನಂಬರನ್ನು ಗೇಟಿನ ಮೇಲೆ ಬರೆಸತಕ್ಕದ್ದು. ಮಸೂದೆ ತಯಾರಿಸುವ ಕೆಲಸ ಬ್ಯಾಂಕಿನ ಕಾಕಾಗೆ ಬಿದ್ದಿದೆ. ಈಗಾಗಲೇ ಎಂಟು ಸಾಲು ಬರೆದಿದ್ದಾರೆ, ನಂಬರು ಇನ್ನೂ ಬಂದಿಲ್ಲ.