ಗೋಧಿಯಿಲ್ಲದ ಮನೆ

ನಮ್ಮ ಮೊಮ್ಮಗಳಿಗೆ ಗೋಧಿಯು ವಿಷಪ್ರಾಯವೆಂದು ವೈದ್ಯರು ನಿರ್ಣಯಿಸಿ ಮೂರು ವರ್ಷಗಳಾದುವು. ಸೀಲಿಯಾಕ್ ಎಂಬ ಈ ವ್ಯಾಧಿಯಲ್ಲಿ ಗೋಧಿ, ಜವೆಗಳ ಗ್ಲುಟೆನ್ ಎಂಬ ಅಂಟು ಸೇರಿದರೆ ಸಣ್ಣ ಕರುಳಿನ ಒಳಪದರವೇ ಕೆಡುವುದು. ಹಾಲೆಂಡಿನ ಡಿಕೆ ಎಂಬ ಮಕ್ಕಳ ವೈದ್ಯರು 1950ರ ತಮ್ಮ ಪ್ರಬಂಧದಲ್ಲಿ ಗೋಧಿಯ ಈ ದೋಷವನ್ನು ತೋರಿಸಿಕೊಟ್ಟರು. ಇಂದಿಗೂ ಪಥ್ಯವೊಂದೇ ಗತಿ.

ರಾಗಿಯ ಸೀಮೆಯವಳಿಗೆ ಇದೇನು ಕಷ್ಟವೆಂದರು ನೆರೆಯವರು. ಅದು ಅರ್ಧಸತ್ಯ. ಪ್ರಿಯಂಗು, ಶ್ಯಾಮಾಕಗಳೆಂದು ನಾವು ಪಾಠ ಹೇಳುತ್ತಿದ್ದ ನವಣೆ ಸಾಮೆಗಳಲ್ಲಿಯೂ, ರಾಗಿಯಲ್ಲಿಯೂ ಆ ಅಂಟಿಲ್ಲವೆಂಬುದು ದಿಟ. ಆದರೆ ರಾಗಿ ಬೀಸುವ ಗಿರಣಿಯಲ್ಲಿಯೇ ಗೋಧಿಯನ್ನೂ ಬೀಸುವರಲ್ಲ! ಏಕಾದಶಿಯಂತೂ ವಿಪರೀತ: ಮನೆಮಂದಿಯೆಲ್ಲ ಅನ್ನ ಬಿಟ್ಟು ಗೋಧಿರವೆಯ ಉಪ್ಪಿಟ್ಟು ತಿನ್ನುವಾಗ ಇವಳೊಬ್ಬಳೇ ಅನ್ನವುಣ್ಣಬೇಕು. ಮಡಿವಂತೆಯಾದ ನಮ್ಮ ಅತ್ತಿಗೆಯವರು ಮೊದಮೊದಲು ಮುಖ ತಿರುಗಿಸುತ್ತಿದ್ದರು. ಈಗ ತಾವೇ ಸಾಮೆಯ ಉಪ್ಪಿಟ್ಟು ಮಾಡಿ ಅವಳೊಡನೆ ಕೂಡುವರು.

ಚಿಂತಾಮಣಿಯ ಹೋಟಲೊಂದರಲ್ಲಿ ಸಾಂಬಾರಿಗೆ ಎಂಥ ಇಂಗೆಂದು ಕೇಳಿದೆವು. "ಮೇಷ್ಟ್ರೆ, ಇಂಗಿನ ಜಾತಕ ಕೇಳಿದವರು ನೀವೇ ಮೊದಲು" ಎಂದು ನಕ್ಕ ಯಜಮಾನರು ಡಬ್ಬಿಯನ್ನೇ ತಂದಿತ್ತರು. ಗೋಧಿಹಿಟ್ಟು ಬೆರೆಸಿದೆಯೆಂದು ಅದರ ಮೇಲೆಯೇ ಬರೆದಿತ್ತು. ಮಗು ಅಂದು ಇಡ್ಲಿಯನ್ನು ಮೊಸರಿನಲ್ಲಿ ತಿಂದಳು.

ವೈದ್ಯರ ಬಾಗಿಲಲ್ಲಿ ಕಾದಿದ್ದಾಗ ಗೌರಿಬಿದನೂರಿನ ಒಂದು ಕುಟುಂಬದ ಪರಿಚಯವಾಯಿತು; ಅವರಿಂದ ಶಿಡ್ಲಘಟ್ಟದವರದು. ಸಂಘವೆನ್ನಲು ನಮಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ಮೂರು ಮನೆಯವರೂ ಹಣ ಕೂಡಿಸಿ ಸಣ್ಣದೊಂದು ವಿದ್ಯುತ್ ಗಿರಣಿಯನ್ನು ಕೊಂಡು ಶಿಡ್ಲಘಟ್ಟದಲ್ಲಿ ಇರಿಸಿದ್ದೇವೆ. ಗೋಧಿಯ ಒಂದು ಕಾಳೂ ಅದರ ಬಾಯಿಗೆ ಬೀಳಕೂಡದು. ತಿಂಗಳಿಗೊಮ್ಮೆ ರಾಗಿಯ ಚೀಲದೊಡನೆ ನಾವು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತುತ್ತೇವೆ. ಹಿಟ್ಟಾಗುವವರೆಗೂ ಮಕ್ಕಳು ಅಂಗಳದಲ್ಲಿ ಆಡಿ, ಒಬ್ಬರ ಡಬ್ಬಿಯಿಂದ ಒಬ್ಬರು ಕೇಳದೆಯೇ ತಿನ್ನುವರು.