ನಡು ಸಣ್ಣಗಾಗುವ ಹೊತ್ತು

ರಜೆಯ ದಿನ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಯಾರೂ ಇರುವುದಿಲ್ಲ. ಇನ್‌ಕ್ಯುಬೇಟರಿನ ಗುಂಯ್ ಸದ್ದು, ರಾತ್ರಿಯಿಡೀ ಬೆಳೆದ ಬ್ಯಾಕ್ಟೀರಿಯಾದ ಕಮಟು ವಾಸನೆ, ಜೊತೆಗೆ ನಾನು. ಕಾಯಿಸಿದ ಅಗರೋಸನ್ನು ಸ್ಲೈಡಿನ ಮೇಲೆ ನೀರುದೋಸೆಯಷ್ಟು ತೆಳ್ಳಗೆ ಹರಡುತ್ತೇನೆ. ಅದು ಆರಿದ ಮೇಲೆ ಇ. ಕೊಲೈ ಇರುವ ಒಂದು ಹನಿ ಇಟ್ಟು, ಕವರ್‌ಸ್ಲಿಪ್ಪನ್ನು ಒಂದಂಚಿನಿಂದ ನಿಧಾನವಾಗಿ ಮಲಗಿಸುತ್ತೇನೆ. ಒಳಗೆ ಗುಳ್ಳೆ ಸಿಕ್ಕಿಕೊಳ್ಳಬಾರದು. ಮೇಲೊಂದು ತೊಟ್ಟು ಎಣ್ಣೆ. ಫೋಕಸಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಮಸುಕಿನೊಳಗಿಂದ ಕಪ್ಪು ಕಡ್ಡಿಗಳು ಎದ್ದುಬರುತ್ತವೆ. ಒಂದೊಂದೂ ಸುಮಾರು 2 ಮೈಕ್ರೋಮೀಟರ್ ಉದ್ದ. 500 ಕಡ್ಡಿಗಳು ಸಾಲಾಗಿ ನಿಂತರೆ ಒಂದು ಮಿಲಿಮೀಟರ್.

ಒಂದನ್ನೇ ಆರಿಸಿಕೊಂಡು ನೋಡುತ್ತಾ ಕೂರುತ್ತೇನೆ. ಅದು ದಪ್ಪವಾಗುವುದಿಲ್ಲ, ಉದ್ದವಾಗುತ್ತದೆ. ಬಳಿಕ ನಟ್ಟನಡುವೆ ಯಾರೋ ನೂಲು ಸುತ್ತಿ ಎಳೆದಂತೆ ಸೊಂಟ ಸಣ್ಣಗಾಗುತ್ತದೆ. ಒಂದಿದ್ದದ್ದು ಎರಡು. ಒಳ್ಳೆಯ ಊಟ, 37 ಡಿಗ್ರಿಯ ಬಿಸಿ ಸಿಕ್ಕರೆ ಈ ಕೆಲಸಕ್ಕೆ 20 ನಿಮಿಷ. ನನ್ನ ತಣ್ಣನೆಯ ಸ್ಲೈಡಿನ ಮೇಲೆ ಇನ್ನೂ ನಿಧಾನ. ನನಗೆ ಆ ನಿಧಾನವೇ ಇಷ್ಟ.

ಈ ನೂಲನ್ನು ಎಳೆಯುವವರು ಯಾರು? ಉತ್ತರದ ಜಾಡು ಸಿಕ್ಕಿದ್ದು ಎಡವಿದ ಬ್ಯಾಕ್ಟೀರಿಯಾಗಳಿಂದ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಯುಕಿನೋರಿ ಹಿರೋಟ, ಆಂತ್ವಾನೆತ್ ರಿತೆರ್, ಫ್ರಾಂಸ್ವಾ ಜಾಕೋಬ್ ಅಂಥವುಗಳನ್ನು ಹುಡುಕಿ 1968ರಲ್ಲಿ ವರದಿ ಮಾಡಿದರು. 30 ಡಿಗ್ರಿಯಲ್ಲಿ ಎಲ್ಲರಂತೆ ಬಾಳುವ ಕೆಲವು ತಳಿಗಳು 42ಕ್ಕೆ ಏರಿಸಿದೊಡನೆ ಬೆಳೆಯುತ್ತವೆ, ಆದರೆ ಒಡೆಯಲಾರವು. ದಾರದಂತೆ ಉದ್ದುದ್ದ ಹೋಗುತ್ತವೆ. ಇಂಥ ತಳಿಗಳಲ್ಲಿ ಕೆಟ್ಟಿರುವ ಜೀನುಗಳಿಗೆ ಎಫ್‌ಟಿಎಸ್ ಎಂಬ ಹೆಸರು ಬಂದಿದ್ದು 'ಬಿಸಿಯಾದರೆ ದಾರವಾಗುವುದು' ಎಂಬ ಅರ್ಥದಲ್ಲಿ. ಕೆಲಸ ನಿಂತಾಗ ಕಂಡದ್ದೇ ಜೀನಿನ ಹೆಸರಾಯಿತು. ಆ ಬಳಗದ ಎಫ್‌ಟಿಎಸ್-ಝಡ್ ಕಟ್ಟುವ ಪ್ರೋಟೀನು ಕೋಶದ ನಡುವೆ ಉಂಗುರವಾಗಿ ನಿಲ್ಲುತ್ತದೆಂದು ಎರ್ಫೆ ಬಿ ಮತ್ತು ಜೋ ಲುಟ್ಕೆನ್‌ಹೌಸ್ 1991ರಲ್ಲಿ ತೋರಿಸಿದರು.

ನನ್ನ ಪ್ರೀತಿಯ ತಳಿಯಲ್ಲಿ ಇದೇ ಜೀನಿನ ಒಂದು ಅಕ್ಷರ ತಪ್ಪಿದೆ. ಪ್ರೋಟೀನೆಂಬ ಅಮೈನೋ ಆಮ್ಲಗಳ ಸರದಲ್ಲಿ 105ನೇ ಮಣಿ ಗ್ಲೈಸೀನ್ ಆಗಿರಬೇಕಿತ್ತು, ಸೆರೀನ್ ಆಗಿದೆ. ಇದರ ಕೊರತೆ ಕಾಣಬೇಕಾದರೆ ಉಪ್ಪು ಬೆರೆಸದ ಸಾರಿನಲ್ಲೇ ಬೆಳೆಸಬೇಕು. ಉಪ್ಪಿದ್ದರೆ 42ರಲ್ಲೂ ಸುಧಾರಿಸಿಕೊಂಡುಬಿಡುತ್ತದೆ. ಉಪ್ಪಿಗಿಂತ ರುಚಿಯಿಲ್ಲ ಎಂಬ ಮಾತು ಇದಕ್ಕೂ ಗೊತ್ತಿರುವಂತಿದೆ! ಸಪ್ಪೆ ಸಾರಿನಲ್ಲಿ, ಬಿಸಿಯಲ್ಲಿ ಇಟ್ಟು ನೋಡಿದರೆ ಕಡ್ಡಿಗಳಿದ್ದ ಜಾಗದಲ್ಲಿ ಶಾವಿಗೆ. ಸತ್ತಿಲ್ಲ, ಒಳಗೆ ಡಿಎನ್‌ಎ ಪ್ರತಿಗಳು ಉದ್ದಕ್ಕೂ ಬೇರೆ ಬೇರೆಯಾಗಿ ಸಿದ್ಧವಾಗಿವೆ. ಮತ್ತೆ 30ಕ್ಕೆ ತಂದರೆ ನಿಮಿಷಗಳಲ್ಲೇ ಉಂಗುರಗಳು ಕಟ್ಟಿಕೊಳ್ಳುತ್ತವೆ. ಆಮೇಲೆ ದಾರದಲ್ಲಿ ಅಲ್ಲೊಂದು ಇಲ್ಲೊಂದು ಸೊಂಟ ಮೂಡುವುದನ್ನು ಕಾಯುವ ಸುಖಕ್ಕೆ ನಾನು ಎಷ್ಟೋ ರಜೆಗಳನ್ನು ಕೊಟ್ಟಿದ್ದೇನೆ.

ಉಂಗುರಕ್ಕೆ ನಡು ಯಾವುದೆಂದು ತಿಳಿಯುವುದು ಹೇಗೆ? ಅಳತೆಪಟ್ಟಿ ಇಲ್ಲ, ಕಣ್ಣಿಲ್ಲ. 1967ರಲ್ಲಿ ಹೋವರ್ಡ್ ಆಡ್ಲರ್ ಮತ್ತು ಸಂಗಡಿಗರು ತುದಿಯಲ್ಲೇ ಒಡೆದು, ವರ್ಣತಂತುವಿಲ್ಲದ ಪುಟ್ಟ ಗುಂಡುಗಳನ್ನು ಉದುರಿಸುವ ಇ. ಕೊಲೈ ತಳಿಯೊಂದನ್ನು ವಿವರಿಸಿದರು. ಅದರಲ್ಲಿ ಕೆಟ್ಟಿದ್ದು ಮಿನ್ ಜೀನುಗಳು. 1999ರಲ್ಲಿ ಡೇವಿಡ್ ರಾಸ್ಕಿನ್ ಮತ್ತು ಪೀಟ್ ಡಿ ಬೋಯರ್ ಮಿನ್-ಡಿ ಪ್ರೋಟೀನಿಗೆ ಹಸಿರು ಹೊಳಪು ಅಂಟಿಸಿ ನೋಡಿದಾಗ ಅದು ಉಯ್ಯಾಲೆಯಾಡುತ್ತಿತ್ತು. ಹತ್ತಾರು ಸೆಕೆಂಡುಗಳಿಗೊಮ್ಮೆ ಈ ತುದಿ, ಆ ತುದಿ, ಮತ್ತೆ ಈ ತುದಿ. ಉಂಗುರವನ್ನು ತಡೆಯುವ ಮಿನ್-ಸಿ ಅದರ ಬೆನ್ನೇರಿ ಹೋಗುತ್ತದೆ. ಮಿನ್-ಇ ಇಬ್ಬರನ್ನೂ ಎಬ್ಬಿಸಿ ಅಟ್ಟುತ್ತದೆ. ಹೀಗೆ ಎರಡು ತುದಿಗಳಲ್ಲೂ ಕಾವಲು ಕೂತು, ಕಾವಲು ಅತಿ ಕಡಿಮೆ ಇರುವ ಜಾಗವೇ ನಡುವಾಗುತ್ತದೆ. ಇದನ್ನು ತಿಳಿದ ದಿನ ಸ್ಲೈಡಿನ ಮುಂದೆ ಕೂತಾಗ, ಸುಮ್ಮನೆ ಬಿದ್ದಿದ್ದ ಕಡ್ಡಿಯೊಳಗೆ ಉಯ್ಯಾಲೆಯ ಜೀಕು ಕೇಳಿದಂತಾಯಿತು.

ಕೊನೆಗೆ ದಾರದ ಒಂದು ತುಂಡು ಕಳಚಿಕೊಳ್ಳುತ್ತದೆ. ಅದರ ಹೊಸ ತುದಿಯನ್ನು ನೋಡುತ್ತೇನೆ: ನುಣುಪು, ದುಂಡು, ಕಲೆಯಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಅದು ತಾಯಿಯ ಒಡಲ ನಡುವಾಗಿತ್ತು. ಇಲ್ಲಿರುವ ಯಾವ ತುದಿಯೂ ಹಾಗೇ, ಒಂದು ಕಾಲಕ್ಕೆ ಯಾರದೋ ನಡು. ಎಣ್ಣೆ ಒರೆಸಿ ದೀಪ ಆರಿಸುವ ಮುನ್ನ ಇನ್ನೊಂದು ಕಡ್ಡಿಯನ್ನು ಹುಡುಕುತ್ತೇನೆ.