ಎಲೆ ಮಗುಚಿ ನೋಡಿ

ಮೆಣಸಿನ ಗಿಡದ ಕುಡಿ ಮುದುರಿದ ಕೂಡಲೇ ‘ವೈರಸ್ ಬಂತು’ ಎಂದು ಔಷಧಿ ಅಂಗಡಿಗೆ ಓಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲು ಎಲೆ ಮಗುಚಿ ನೋಡಬೇಡವೇ? ಅಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಚಿಕ್ಕದಾಗಿ, ಗೆಣ್ಣು ಒತ್ತೊತ್ತಾಗಿ, ಗಿಡವೇ ಕುಳ್ಳಾಗಿದ್ದರೆ ಆಗ ಬಿಳಿ ನೊಣ ತಂದ ವೈರಸ್ಸನ್ನು ಅನುಮಾನಿಸಬೇಕು. ಎಲ್ಲಕ್ಕೂ ನಮ್ಮ ಕಡೆ ಮುಟುರು ರೋಗ ಅಂತಲೇ ಹೇಳುತ್ತಾರೆ. ಮೊನ್ನೆ ನನ್ನ ಸಾಲಿನಲ್ಲಿ ಮುದುರಿದ ಕುಡಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಗಾಜಿನಷ್ಟು ತಿಳಿಯಾದ ಮೈಟ್‌ಗಳು ನರದ ಪಕ್ಕದಲ್ಲೇ ಹರಿದಾಡುತ್ತಿದ್ದವು. ಎಷ್ಟು ಖುಷಿಯಾಯಿತು! ಇದಕ್ಕೆ ಗಂಧಕ ಸಾಕು. ಪಕ್ಕದ ತೋಟದಲ್ಲಿ ಇದೇ ಕುಡಿಗೆ ಮೂರು ವಿಷ ಬೆರೆಸಿ ಹೊಡೆಯುತ್ತಿದ್ದರು. “ವೈರಸ್‌ಗೆ ಅಂತ್ಲೇ ಕೊಟ್ಟವ್ರೆ ಕಣಣ್ಣ” ಎಂದರು. ಗಿಡದೊಳಗೆ ಸೇರಿದ ವೈರಸ್ಸಿಗೆ ಔಷಧಿಯೇ ಇಲ್ಲ. ಇದೆ ಎಂದು ಮಾರುವುದು ಮೋಸ.

ಟೊಮ್ಯಾಟೊಗೂ ಇದೇ ಕಾಟ: ಅದರ ಎಲೆ ಮುಟುರಿಗೆ ಕಾರಣವಾದ ವೈರಸ್ಸುಗಳಲ್ಲಿ ಒಂದಕ್ಕೆ ನಮ್ಮ ಬೆಂಗಳೂರಿನ ಹೆಸರೇ ಇದೆ. ರೋಗದ ಗಿಡದ ರಸ ಹೀರಿದ ಬಿಳಿ ನೊಣದ ಕರುಳು ದಾಟಿ, ರಕ್ತಕ್ಕೆ ಸೇರಿ, ಜೊಲ್ಲಿಗೆ ಬರುತ್ತದೆ ಅದು. ಆಮೇಲೆ ಒಂದೇ ನೊಣ ಸಾಕು. ಹಾಗಾಗಿ ನಮ್ಮ ಕೆಲಸವೆಲ್ಲ ನಾಟಿಗೆ ಮೊದಲೇ: 50 ಮೆಶ್ ನೈಲಾನ್ ಪರದೆಯೊಳಗೆ ಸಸಿ, ಹೊಲದ ಸುತ್ತ ಮುಂಚೆಯೇ ಬಿತ್ತಿದ ಮುಸುಕಿನ ಜೋಳ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ, ವೈಭವ್, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗ ತಡೆಯುವ ತಳಿಗಳು. ಆದರೆ ಥ್ರಿಪ್ಸ್ ತರುವ ಕುಡಿ ಒಣಗುವ ರೋಗದ ವೈರಸ್ಸೇ ಬೇರೆ, ಅದನ್ನು ಈ ತಳಿಗಳ ಗುಣ ತಡೆಯದು. ಥ್ರಿಪ್ಸಿನ ವಿಚಿತ್ರ ನೋಡಿ: ಮರಿಯಾಗಿದ್ದಾಗ ವೈರಸ್ ಹೀರಿದ್ದರೆ ಮಾತ್ರ ಬೆಳೆದ ಮೇಲೆ ಅದು ರೋಗ ಹರಡಬಲ್ಲದು.

ರೋಗದ ಗಿಡ ಕೀಳುವುದಕ್ಕೂ ಒಂದು ಕ್ರಮವಿದೆ. ಬಿಸಿಲೇರಿದ ಮೇಲೆ ಅಲುಗಾಡಿಸಿದರೆ ನೊಣವೆಲ್ಲ ಹಾರಿ ಪಕ್ಕದ ಗಿಡಕ್ಕೆ ಕೂರುತ್ತದೆ. ಮುಂಜಾನೆ ತಂಪಿನಲ್ಲಿ, ನೊಣ ಮಂಕಾಗಿರುವಾಗ, ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಕವುಚಿ, ಬುಡ ಬಿಗಿ ಹಿಡಿದು ಕೀಳಬೇಕು. ಹೊಸಕೋಟೆ ಕಡೆಯಲ್ಲಿ ಈ ಮಾತು ಎಷ್ಟು ಜನಕ್ಕೆ ಹೇಳಿದ್ದೇನೋ. ಆದರೂ ಕಿತ್ತ ಗಿಡವನ್ನು ಬದುವಿನ ಮೇಲೆ ಬಿಸಾಡಿ ಹೋಗುತ್ತಾರೆ.

ಬೆಲೆ ಬಿದ್ದಾಗ ಇದಕ್ಕಿಂತ ಕೆಟ್ಟದ್ದಾಗುತ್ತದೆ. 2023ರ ಜುಲೈನಲ್ಲಿ ಕಿಲೋಗೆ ನೂರು ದಾಟಿದ ಟೊಮ್ಯಾಟೊ ಮುಂದೆ ಬಿಡಿಸುವ ಕೂಲಿಯೂ ಹುಟ್ಟದಂತಾಯಿತು. ಕಡ್ಡಿ ಕಿತ್ತು ಗಿಡ ಹಾಗೇ ಬಿಟ್ಟರು. ಬೆಲೆ ಸಿಗದ ಸಂಕಟ ನನಗೂ ಗೊತ್ತು. ಆದರೆ ಆ ಮುದುರಿದ ಗಿಡಗಳಲ್ಲಿ ನೊಣ ತಲೆಮಾರು ಮೇಲೆ ತಲೆಮಾರು ಹುಟ್ಟಿ ನನ್ನ ಹೊಸ ನಾಟಿಗೆ ಬರುತ್ತದಲ್ಲ! ಈ ಸಲ ಪಕ್ಕದವರಿಗೆ ಹೇಳಿದ್ದೇನೆ, ಕೊಯ್ಲು ಮುಗಿದ ವಾರದೊಳಗೆ ರೋಟವೇಟರ್ ಹೊಡೆಸಿ, ಬಾಡಿಗೆಯಲ್ಲಿ ಅರ್ಧ ನಾನೇ ಕೊಡುತ್ತೇನೆ ಎಂದು.